ಅಕ್ಕನ ದನಿಯಲ್ಲಿ ಬಂದ ಪಾಠಗಳು

ಅಕ್ಕ ತೀರಿಕೊಂಡ ಮೇಲೂ ಅವರ ಹೆಸರನ್ನು ನಮ್ಮ ಕ್ಲಬ್ಬಿನ ಮೊಬೈಲ್ ಗ್ರೂಪಿನಿಂದ ತೆಗೆಯಲು ನನಗೆ ಮನಸ್ಸು ಬರಲಿಲ್ಲ. ತೆಗೆಯುವ ಅಧಿಕಾರ ಇದ್ದದ್ದು ನನಗೊಬ್ಬಳಿಗೆ. ನಾಳೆ ತೆಗೆದರಾಯಿತು ಎನ್ನುತ್ತಲೇ ಮಳೆಗಾಲ ಕಳೆದುಹೋಯಿತು. ಒಂದು ದಿನ ಶನಿವಾರದ ತರಗತಿ ಎಷ್ಟು ಹೊತ್ತಿಗೆ ಎಂದು ಗ್ರೂಪಿಗೆ ಬರೆದು ಹಾಕಿದೆ. ನನಗೊಂದು ಚಟವಿದೆ. ಯಾರು ಓದಿದರು, ಯಾರು ಇನ್ನೂ ಓದಿಲ್ಲ ಎಂದು ಸಂದೇಶದ ಮೇಲೆ ಬೆರಳೊತ್ತಿ ನೋಡುವುದು. ವರ್ಷಗಟ್ಟಲೆ ಹಾಜರಿ ಕರೆದವಳು, ಅಷ್ಟು ಸುಲಭಕ್ಕೆ ಬಿಟ್ಟುಹೋಗುವ ಚಟವಲ್ಲ ಅದು. ಅವತ್ತು ಸಂಜೆ ನೋಡಿದರೆ ಓದಿದವರ ಸಾಲಿನಲ್ಲಿ ಅಕ್ಕನ ಹೆಸರೂ ಇತ್ತು, ಪಕ್ಕದಲ್ಲಿ ಅವರ ನಗುವ ಪುಟ್ಟ ಫೋಟೊ.

ನಾನು ವಿಜ್ಞಾನದ ಟೀಚರ್. ದೆವ್ವ ಭೂತ ಅಂದವರನ್ನು ತರಗತಿಯಲ್ಲಿ ನಿಲ್ಲಿಸಿ ಬೈದವಳು. ಆದರೂ ಆ ಹೊತ್ತಿನಲ್ಲಿ ಅಡುಗೆಮನೆಯ ದೀಪ ಹಾಕಿ, ನಡುಮನೆಯ ದೀಪವನ್ನೂ ಹಾಕಿ ಕುಳಿತೆ. ನೆಟ್‌ವರ್ಕ್ ಏನೋ ಎಡವಟ್ಟು ಮಾಡಿದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಮರುದಿನ ಬೇಕೆಂದೇ ಬೆಳಿಗ್ಗೆ ಇನ್ನೊಂದು ಸಂದೇಶ ಹಾಕಿದೆ. ಮಧ್ಯಾಹ್ನ ನೋಡಿದೆ, ಶಾಲೆ ಬಿಡುವಾಗ ನೋಡಿದೆ, ಅಕ್ಕನ ಹೆಸರಿಲ್ಲ. ದೀಪ ಹಚ್ಚುವ ಹೊತ್ತು ದಾಟಿದ ಮೇಲೆ ನೋಡಿದರೆ ಇತ್ತು. ಆಮೇಲೆ ಪ್ರತಿದಿನವೂ ಹಾಗೆಯೇ ಆಯಿತು. ಯಾರಿಗೂ ಹೇಳಲಿಲ್ಲ. ಹೇಳಿದರೆ ನಗುತ್ತಾರೆ ಎನ್ನುವುದಕ್ಕಿಂತ, ನಗದೆ ನಂಬಿಬಿಟ್ಟರೆ ಏನು ಮಾಡುವುದು ಎಂಬ ಹೆದರಿಕೆಯೇ ಹೆಚ್ಚಿತ್ತು.

ಅಕ್ಕ ಎಂದರೆ ಒಡಹುಟ್ಟಿದವರಲ್ಲ. ಘಟ್ಟದ ಕೆಳಗಿನಿಂದ ಸಂಪಾಜೆ ಹತ್ತಿ ಮದುವೆಯಾಗಿ ನಾಪೋಕ್ಲಿಗೆ ಬಂದವರು, ಇಲ್ಲಿಯೇ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡಿ ನಿವೃತ್ತರಾದವರು. ನಾನು ಕುಶಾಲನಗರದ ಕಡೆಯವಳು, ನಮ್ಮ ಹಿರಿಯರು ಹಾಸನದಿಂದ ಬಂದು ನೆಲೆನಿಂತವರು. ಈ ಊರಿಗೆ ವರ್ಗವಾಗಿ ಬಂದಾಗ ನನಗೆ ಬಾಡಿಗೆ ಮನೆ ಹುಡುಕಿಕೊಟ್ಟವರು ಅವರೇ. ಕ್ಲಬ್ ಶುರುಮಾಡಿದ್ದೂ ನಾವಿಬ್ಬರೇ. ಕೊಡಗಿನಲ್ಲಿ ಕ್ಲಬ್ ಎಂದರೆ ಇಸ್ಪೀಟು, ಗ್ಲಾಸು ಎಂದೇ ಜನ ತಿಳಿಯುವುದು. ನಮ್ಮದು ಕಾಫಿ ಮೂಟೆ ಪೇರಿಸುತ್ತಿದ್ದ ಅಂಗಡಿಯ ಮಹಡಿಯ ಮೇಲಿನ ಒಂದು ಕೋಣೆ. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಸುತ್ತಲಿನ ಶಾಲೆಗಳ ಟೀಚರುಗಳು ಬರುತ್ತಿದ್ದರು, ಸ್ವಸಹಾಯ ಸಂಘದ ಹೆಂಗಸರು ಬರುತ್ತಿದ್ದರು, ಎಸ್ಟೇಟಿನ ಲೆಕ್ಕ ಬರೆಯುವ ರೈಟರ್, ನಿವೃತ್ತ ಸುಬೇದಾರರು, ಹೀಗೆ ಯಾರು ಬೇಕಾದರೂ ಬರಬಹುದಿತ್ತು. ಟೀಚರುಗಳಿಗೆ ಪಾಠದ ವಿಡಿಯೊ ಮಾಡುವುದು, ಮಿಕ್ಕವರಿಗೆ ಕರೆಂಟ್ ಬಿಲ್ ಕಟ್ಟುವುದು, ಮೋಸದ ಕರೆ ಗುರುತಿಸುವುದು, ಫೋಟೊ ಕಳಿಸುವುದು. ಕೋಣೆಗೆ ಕಾಲಿಟ್ಟರೆ ಈಗಲೂ ಒಣ ಕಾಫಿ ಸಿಪ್ಪೆಯ ವಾಸನೆ ಬರುತ್ತದೆ.

ಅಕ್ಕನದು ಒಂದೇ ಕಟ್ಟಪ್ಪಣೆ. ಕಲಿಸುವವರು ಕಲಿಯುವವರ ಫೋನನ್ನು ಮುಟ್ಟಕೂಡದು. ಕೈ ಹಿಂದೆ ಕಟ್ಟಿಕೊಂಡು ನಿಲ್ಲಬೇಕು, ಬಾಯಲ್ಲಿ ಮಾತ್ರ ಹೇಳಬೇಕು. ಇದನ್ನು ಪಾಲಿಸುವುದು ಟೀಚರುಗಳಿಗೇ ಕಷ್ಟ. ನಮಗೆ ಎರಡು ಸಲ ಹೇಳುವಷ್ಟರಲ್ಲಿ ಸಿಟ್ಟು ಬಂದು "ಇಲ್ಲಿ ಕೊಡಿ" ಎಂದು ಕಸಿದುಕೊಂಡು ಒತ್ತಿಬಿಡುತ್ತೇವೆ. ನನ್ನ ಸಿಟ್ಟಂತೂ ಮೂಗಿನ ತುದಿಯಲ್ಲೇ ಇರುತ್ತದೆ. ಅಕ್ಕ ನನ್ನ ಬೆನ್ನ ಹಿಂದೆ ಬಂದು ಎರಡೂ ಕೈಗಳನ್ನು ಹಿಡಿದು ಹಿಂದಕ್ಕೆ ಎಳೆದು, "ನೀವು ಒತ್ತಿದ್ರೆ ನೀವು ಕಲಿತ ಹಾಗೆ ಆಯ್ತು, ಅವ್ರು ಎಂತ ಕಲಿತ ಹಾಗೆ ಆಯ್ತು ಮಾರಾಯ್ತಿ?" ಎನ್ನುತ್ತಿದ್ದರು.

ತರಗತಿಗೆ ಬರಲಾಗದವರಿಗೆ ಅವರು ಪಾಠವನ್ನು ದನಿಯಲ್ಲಿ ಹೇಳಿ ಕಳಿಸುತ್ತಿದ್ದರು. ಮಾಕುಟ್ಟದ ಕಾಡಿನ ಬದಿಯ ಅಂಗನವಾಡಿಯ ಟೀಚರಿಗೆ ಒಂದು, ಬಾಣಂತನಕ್ಕೆ ಹೋದವಳಿಗೆ ಒಂದು, ಕಿವಿ ಮಂದವಾದವರಿಗೆ ಗಟ್ಟಿಯಾಗಿ ಒಂದು. ದಿನಕ್ಕೆ ಎಷ್ಟು ಕಳಿಸುತ್ತಿದ್ದರೋ ಅವರಿಗೇ ಗೊತ್ತಿರಲಿಲ್ಲ. ನಿಧಾನವಾಗಿ, ಪಕ್ಕದಲ್ಲಿ ಕುಳಿತು ಹೇಳಿದ ಹಾಗೆ. ಪ್ರತಿ ಹೆಜ್ಜೆಯಾದ ಮೇಲೆ "ಆಯ್ತಾ?" ಎಂದು ಕೇಳಿ, ಅವರು ಒತ್ತಲಿ ಎಂದು ಸುಮ್ಮನಿರುತ್ತಿದ್ದರು. ಆ ಸುಮ್ಮನಿರುವ ಹೊತ್ತಿನಲ್ಲಿ ಅವರ ಮನೆಯ ಹಂಚಿನ ಮೇಲೆ ಮಳೆ ಬೀಳುವುದು ಕೇಳಿಸುತ್ತಿತ್ತು.

ಅವರು ಹೋದ ಮೇಲೆ ತರಗತಿಯಲ್ಲಿ ನಾನು ಮಾಡಿದ ಪಾಠ ಯಾರಿಗೂ ಹತ್ತಲಿಲ್ಲ. ಸುಬೇದಾರರು ಮುಲಾಜಿಲ್ಲದೆ ಹೇಳಿದರು: "ಟೀಚರ್, ನೀವು ಬಯ್ಯುದು ಹೆಚ್ಚಾಯ್ತು. ಅವರ ವಾಯ್ಸನ್ನೇ ಹಾಕಿ." ಹಾಕಿದೆ. ಕ್ಲಬ್ಬಿನ ಕಂಪ್ಯೂಟರಿನಲ್ಲಿ ಗ್ರೂಪಿಗೆ ಕಳಿಸಿದ ಒಂದಷ್ಟು ಪಾಠಗಳನ್ನು ಅಕ್ಕ ತಾವೇ ಸೇರಿಸಿಟ್ಟಿದ್ದರು. ಗೋಡೆಯ ಸ್ಪೀಕರಿನಿಂದ ಅವರ ದನಿ ಹೊರಬಂದಾಗ ಮೊದಲ ಸಲ ಹೆಂಗಸರು ಸೆರಗು ಬಾಯಿಗೆ ಹಿಡಿದರು. ಎರಡು ಮೂರು ವಾರದಲ್ಲಿ ರೂಢಿಯಾಯಿತು. ಹೊರಗೆ ಬಿಸಿಲು ಕಾಯುತ್ತಿರುತ್ತಿತ್ತು, ಸ್ಪೀಕರಿನಲ್ಲಿ ಹೋದ ವರ್ಷದ ಮಳೆ ಸುರಿಯುತ್ತಿತ್ತು. "ಆಯ್ತಾ?" ಎಂದು ಅಕ್ಕ ಕೇಳುತ್ತಿದ್ದರು. "ಆಯ್ತು" ಎಂದು ಇಡೀ ತರಗತಿ ಒಟ್ಟಾಗಿ ಹೇಳುತ್ತಿತ್ತು. ಸಂಜೆ ಬಾಗಿಲು ಹಾಕುವಾಗ ಒಬ್ಬಳೇ ಆ ಕೋಣೆಯಲ್ಲಿ ಉಳಿಯಲು ನನಗೆ ಭಯವಾಗುತ್ತಿತ್ತು ಎನ್ನುವುದನ್ನು ಒಪ್ಪಿಕೊಳ್ಳಬೇಕು.

ಒಂದು ಶನಿವಾರ ಅಕ್ಕನ ಗಂಡ ಮೆಟ್ಟಿಲು ಹತ್ತಿ ಬಂದರು. ಊರ ಹೊರಗಿನ ಸಣ್ಣ ದೇವಸ್ಥಾನದ ಅರ್ಚಕರು. ಊರಿನವರಿಗೆಲ್ಲ ಭಟ್ರು, ನಾನು ಮಾತ್ರ ಭಾವ ಎನ್ನುತ್ತೇನೆ. ಮಂತ್ರ ಹೇಳುವಾಗ ಗಂಟೆಯಂಥ ಗಂಟಲು, ಮಾತಾಡುವಾಗ ಎರಡನೇ ಸಲ ಕೇಳಬೇಕು. ಗರ್ಭಗುಡಿಗೆ ಹೋಗುವವರಿಗೆ ಯಾಕೆ ಅಂತ ಜೀವಮಾನದಲ್ಲಿ ಮೊಬೈಲ್ ಇಟ್ಟುಕೊಂಡವರಲ್ಲ. ಹೆಗಲಿನ ಚೀಲದಿಂದ ಒಂದು ಪಂಚೆಯ ತುಂಡು ತೆಗೆದು ಬಿಡಿಸಿದರು. ಒಳಗೆ ಅಕ್ಕನ ಫೋನಿತ್ತು.

"ಇದ್ರಲ್ಲಿ ಒಂದು ಚಕ್ರ ಸುತ್ತಿಕೊಂಡೇ ಇರ್ತದೆ ಈಗ," ಎಂದರು. "ತೆರೀಲಿಕ್ಕೆ ತುಂಬ ಹೊತ್ತು ಮಾಡ್ತದೆ. ನಂಗೆ ಸ್ವಲ್ಪ ಕಲಿಸ್ತೀರಾ?"

ಬಿಡಿಸಿ ಕೇಳಿದ ಮೇಲೆ ಎಲ್ಲ ಗೊತ್ತಾಯಿತು. ಸಂಜೆ ಪೂಜೆ ಮುಗಿಸಿ ಮನೆಗೆ ಬಂದು, ದೇವರ ಮುಂದೆ ದೀಪ ಹಚ್ಚಿ, ಅವರು ಫೋನ್ ತೆರೆಯುತ್ತಿದ್ದರು. ತೆರೆದ ಕೂಡಲೇ ಕಾಣುವುದು ನಮ್ಮ ಗ್ರೂಪು. ಅದನ್ನು ಒತ್ತಿ ತೆರೆದು, ಮತ್ತೆ ಹಿಂದಕ್ಕೆ ಬಂದು, ಅಕ್ಕ ಯಾರು ಯಾರಿಗೋ ಕಳಿಸಿದ ದನಿಗಳಲ್ಲಿ ಒಂದನ್ನು ಕೇಳುತ್ತಿದ್ದರು. ಒಂದೇ. ಹೆಚ್ಚು ಕೇಳಿದರೆ ಮುಗಿದುಹೋಗುತ್ತದಲ್ಲ ಎಂದು ಭಯ.

"ಕೇಳದ್ದು ಇನ್ನೂ ಸುಮಾರುಂಟು," ಎಂದರು. ಆ ಮಾತಿನಲ್ಲಿ ಎಂಥ ನೆಮ್ಮದಿಯಿತ್ತೆಂದರೆ, ಇಷ್ಟು ದಿನ ಹೆದರಿ ದೀಪ ಹಾಕಿಕೊಂಡು ಕುಳಿತಿದ್ದ ನನಗೆ ಅಲ್ಲೇ ಅಳು ಬಂತು.

"ಏನ್ ಹೇಳ್ತಾರೆ ಭಾವ ಅದ್ರಲ್ಲಿ?"

"ಎಂತ ಹೇಳ್ತಾಳೆ? ಹಸಿರು ಗುಂಡಿ ಒತ್ತಿ, ಕೆಂಪು ಗುಂಡಿ ಒತ್ಬೇಡಿ ಅಂತ ಹೇಳ್ತಾಳೆ. ನಂಗಂತ ಹೇಳಿದ್ದು ಒಂದೂ ಸಿಗ್ಲಿಲ್ಲ. ನನ್ನ ಹತ್ರ ಫೋನೇ ಇರ್ಲಿಲ್ಲ ಅಲ್ವಾ, ಯಾಕೆ ಕಳಿಸ್ತಾಳೆ? ಆದ್ರೆ ದಿನಾ ಒಂದು ಹೊಸ ಮಾತು ಕೇಳಿದ ಹಾಗೆ ಆಗ್ತದೆ."

ಹೀಗೆ ಭಾವ ನಮ್ಮ ಕ್ಲಬ್ಬಿನ ವಿದ್ಯಾರ್ಥಿಯಾದರು. ಕೊನೆಯ ಬೆಂಚಿನಲ್ಲಿ ಕಿಟಕಿಯ ಪಕ್ಕ ಕೂರುತ್ತಿದ್ದರು. ಬೇರೆಯವರು ಪಾಠದ ನಡುವೆ ಕಾಫಿ ಬೆಲೆ ಮಾತಾಡುತ್ತಿದ್ದರು, ಇವರು ಮಾತ್ರ ಸ್ಪೀಕರಿನ ಕಡೆಗೆ ಮುಖ ಮಾಡಿ, ಪುರಾಣ ಕೇಳುವವರ ಹಾಗೆ ಕೈಮುಗಿದೇ ಕೂರುತ್ತಿದ್ದರು. ಅಕ್ಕ ಒತ್ತಿ ಎಂದಲ್ಲಿ ಒತ್ತುತ್ತಿದ್ದರು, ಬಿಡಿ ಎಂದಲ್ಲಿ ಬಿಡುತ್ತಿದ್ದರು. ಅವರಷ್ಟು ಹೇಳಿದ ಮಾತು ಕೇಳುವ ವಿದ್ಯಾರ್ಥಿಯನ್ನು ನಾನು ಕಂಡಿಲ್ಲ. ಮನೆಯಲ್ಲೂ ಹಾಗೆಯೇ ಇದ್ದವರು. ಅಕ್ಕ ಕರೆದರೆ ನೋಡುತ್ತಿದ್ದ ಪಂಚಾಂಗವನ್ನು ಅರ್ಧಕ್ಕೆ ಬಿಟ್ಟು ಏಳುತ್ತಿದ್ದರು ಎಂದು ಅಕ್ಕನೇ ಹೇಳಿ ನಗುತ್ತಿದ್ದರು.

ಫೋನ್ ತುಂಬಿಹೋದಾಗ ಜಾಗ ಮಾಡುವುದು ಹೇಗೆ ಎಂಬುದಕ್ಕೆ ಅಕ್ಕ ಎರಡು ಪಾಠ ಮಾಡಿಟ್ಟಿದ್ದರು. ಬೇಕಾದ್ದನ್ನು ಬೇರೆ ಕಡೆ ತೆಗೆದಿಡುವುದು ಮೊದಲನೆಯದು. ಉಳಿದದ್ದನ್ನು ಅಳಿಸುವುದು ಎರಡನೆಯದು. ಮೊದಲನೆಯ ಪಾಠದ ಶನಿವಾರ ದೇವಸ್ಥಾನದಲ್ಲಿ ವಿಶೇಷ ಪೂಜೆ ಇದ್ದುದರಿಂದ ಭಾವ ಬಂದಿರಲಿಲ್ಲ. ಎರಡನೆಯ ಶನಿವಾರ ಬಂದರು. ನಾನು ಪಾಠ ಹಾಕಿ ಮುಂದಿನ ಸಾಲಿನ ಹೆಂಗಸರ ಬೆನ್ನ ಹಿಂದೆ ಕೈಕಟ್ಟಿ ನಿಂತಿದ್ದೆ. ಎಲ್ಲರ ಫೋನುಗಳಲ್ಲೂ ಗುಲಾಬಿ ಹೂವಿನ ಶುಭೋದಯಗಳು ತುಂಬಿ ತುಳುಕುತ್ತಿದ್ದವು.

"ಈಗ ಎಲ್ಲವನ್ನೂ ಆಯ್ಕೆ ಮಾಡಿ. ಹೆದರ್ಬೇಡಿ, ಎಂತ ಆಗುದಿಲ್ಲ. ಆಯ್ತಾ?" ಎಂದಿತು ಅಕ್ಕನ ದನಿ.

"ಆಯ್ತು."

"ಈಗ ಅಳಿಸ್ಬೇಕಾ ಅಂತ ಕೇಳ್ತದೆ. ಕೇಳಿತಾ? ಹೌದು ಅಂತ ಒತ್ತಿ. ಹಳೇದನ್ನು ಹಿಡ್ಕೊಂಡು ಕೂತ್ರೆ ಹೊಸದು ಬರ್ಲಿಕ್ಕೆ ಜಾಗ ಎಲ್ಲುಂಟು? ಒತ್ತಿ ಒತ್ತಿ."

ತಲೆಯೆತ್ತಿ ಹಿಂದಿನ ಬೆಂಚಿನ ಕಡೆ ನೋಡಿದ್ದು ಆಗ. ಭಾವನ ಬೆರಳು ಫೋನಿನ ಮೇಲೆ ತಡೆದು ನಿಂತಿತ್ತು. ಒಂದು ಸಲ ಸ್ಪೀಕರನ್ನು ನೋಡಿದರು. "ಭಾವ, ಬೇಡ!" ಎಂದು ನಾನು ಕೂಗಿದೆ. ಅಷ್ಟರಲ್ಲಿ ಒತ್ತಿದ್ದರು. ನನ್ನ ಎರಡೂ ಕೈ ಇನ್ನೂ ಬೆನ್ನ ಹಿಂದೆಯೇ ಇದ್ದವು. ಸ್ಪೀಕರಿನಲ್ಲಿ ಅಕ್ಕ ಸುಮ್ಮನಾಗಿ, ಮಳೆಯ ಸದ್ದಷ್ಟೇ ಉಳಿದು, ಆಮೇಲೆ "ಆಯ್ತಾ?" ಎಂದರು.

ಆ ದಿನ ನಾನು ನಿಯಮ ಗಿಯಮ ಎಲ್ಲ ಬಿಟ್ಟು ಫೋನ್ ಕಸಿದುಕೊಂಡೆ. ಹುಡುಕದ ಮೂಲೆಯಿಲ್ಲ. ಅಕ್ಕ ಊರಿಗೆಲ್ಲ ಬ್ಯಾಕಪ್ ಮಾಡಿಸಿದವರು, ತಮ್ಮ ಫೋನಿನಲ್ಲಿ ಮಾಡಿರಲಿಲ್ಲ. ಮಡಿಕೇರಿಯ ಮೊಬೈಲ್ ಅಂಗಡಿಗೂ ಹೋಗಿ ಬಂದೆ, ಆತ ತಲೆ ಅಲ್ಲಾಡಿಸಿದ. ಒಂದು ಕ್ಷಣ ನನಗೆ ಅಕ್ಕನ ಮೇಲೆಯೇ ಕೋಪ ಬಂತು. ಸತ್ತವರು ತಮ್ಮ ದನಿಯನ್ನು ತಾವೇ ಗಂಡನ ಕೈಯಿಂದ ಅಳಿಸಿಕೊಂಡು ಹೋದರಲ್ಲ, ಇದು ಯಾವ ನ್ಯಾಯ? ಬೇಕೆಂದೇ ಮಾಡಿದರೇನೋ ಎಂಬ ಯೋಚನೆಯೂ ಬಂತು. ಬಸ್ಸಿನಲ್ಲಿ ಕುಳಿತು ಹಾಗೆ ಯೋಚಿಸುತ್ತ ನನಗೆ ನನ್ನ ಮೇಲೇ ದಿಗಿಲಾಯಿತು.

ಭಾವ ಅಳಲಿಲ್ಲ. ಪಂಚೆಯ ತುಂಡಿನಲ್ಲಿ ಫೋನನ್ನು ಮತ್ತೆ ಸುತ್ತಿದರು. "ಅವ್ಳು ಒತ್ತಿ ಅಂದ್ಳು, ನಾನು ಒತ್ತಿದೆ," ಎಂದರು. ಅದನ್ನು ಚೀಲಕ್ಕೆ ಹಾಕುತ್ತ, "ಕೇಳದ್ದು ಅರ್ಧಕ್ಕರ್ಧ ಉಳಿದಿತ್ತು ಟೀಚರೇ. ಅದ್ರಲ್ಲಿ ನಂಗೆ ಏನಾದ್ರೂ ಇತ್ತೋ ಏನೋ," ಎಂದರು. ಕೇಳಿದ್ದು ಹೋದದ್ದಕ್ಕೆ ಅವರಿಗೆ ಅಷ್ಟು ಬೇಸರವಿರಲಿಲ್ಲ. ಕೇಳದೆ ಉಳಿದದ್ದು ಹೋಯಿತಲ್ಲ, ಅದು ಅವರನ್ನು ತಿನ್ನುತ್ತಿತ್ತು. ಆ ಸಂಜೆಯಿಂದ ಓದಿದವರ ಸಾಲಿನಲ್ಲಿ ಅಕ್ಕನ ಹೆಸರು ಕಾಣಿಸಲಿಲ್ಲ. ಮೊದಲು ಕಂಡರೆ ಹೆದರುತ್ತಿದ್ದವಳು ಈಗ ಕಾಣದೆ ಹೆದರಿದೆ.

ಕಳಿಸಿದವರ ಫೋನಿನಲ್ಲಿ ಹೋದರೇನು, ಪಡೆದವರ ಫೋನಿನಲ್ಲಿ ಇರಬೇಕಲ್ಲ ಎಂದು ಹೊಳೆಯಲು ನನಗೆ ಮೂರು ದಿನ ಬೇಕಾಯಿತು. ಕ್ಲಬ್ಬಿಗೆ ಬಂದವರಿಗೆಲ್ಲ ಒಬ್ಬರಾದ ಮೇಲೆ ಒಬ್ಬರಿಗೆ ಫೋನ್ ಮಾಡಿದೆ. ಅಕ್ಕ ನಿಮಗೆ ಕಳಿಸಿದ್ದು ಏನಿದ್ದರೂ ನನಗೆ ಕಳಿಸಿ ಎಂದೆ. ಒಳ್ಳೆಯ ವಿದ್ಯಾರ್ಥಿಗಳ ಹತ್ತಿರ ಒಂದೂ ಉಳಿದಿರಲಿಲ್ಲ. ಅವರೆಲ್ಲ ಅವತ್ತು ಪಾಠ ಕೇಳಿ ಗುಡಿಸಿ ಸಾರಿಸಿಬಿಟ್ಟಿದ್ದರು. ಉಳಿಸಿಕೊಂಡವರು ಸೋಮಾರಿಗಳು, ತರಗತಿಗೆ ಚಕ್ಕರ್ ಹೊಡೆದವರು. ಸುಬೇದಾರರು ಎದೆ ತಟ್ಟಿಕೊಂಡು, "ನಾನು ಒಂದನ್ನೂ ಡಿಲೀಟ್ ಮಾಡ್ಲಿಲ್ಲ ಟೀಚರ್, ನಂಗೆ ಅದು ಗೊತ್ತೇ ಆಗ್ಲಿಲ್ಲ," ಎಂದರು. ಜೀವನದಲ್ಲಿ ಮೊದಲ ಸಲ ದಡ್ಡ ವಿದ್ಯಾರ್ಥಿಗಳನ್ನು ಕಂಡು ಕೈಮುಗಿಯಬೇಕೆನ್ನಿಸಿತು.

ಭಾವ ಮತ್ತೆ ಫೋನ್ ಮುಟ್ಟಲು ಒಪ್ಪಲಿಲ್ಲ. ಅದಕ್ಕೆ ಶನಿವಾರ ತರಗತಿ ಮುಗಿದ ಮೇಲೆ ಅವರು ಕುಳಿತಿರುತ್ತಿದ್ದರು, ನಾನು ನನ್ನ ಫೋನಿಗೆ ಬಂದದ್ದನ್ನು ಸ್ಪೀಕರಿಗೆ ಜೋಡಿಸಿ ಹಾಕುತ್ತಿದ್ದೆ. ಸುಬೇದಾರರಿಗೆ ಕಳಿಸಿದ ಪೆನ್ಷನ್ ಪಾಠ, ಎಸ್ಟೇಟ್ ರೈಟರಿಗೆ ಕಳಿಸಿದ ಹಾಜರಿ ಪಾಠ. ಭಾವ ಕಣ್ಣುಮುಚ್ಚಿ ಕೇಳುತ್ತಿದ್ದರು. ಮುಗಿದ ಮೇಲೆ ನನ್ನ ಕಡೆ ನೋಡಿ ಇಲ್ಲ ಎಂಬಂತೆ ತಲೆ ಅಲ್ಲಾಡಿಸಿ, ಸಂಜೆಯ ಪೂಜೆಗೆ ಹೊತ್ತಾಯಿತೆಂದು ಎದ್ದು ಹೋಗುತ್ತಿದ್ದರು.

ಮಾಕುಟ್ಟದ ಅಂಗನವಾಡಿ ಟೀಚರ್ ಮಾತ್ರ ಬಹಳ ದಿನ ಸಿಗಲಿಲ್ಲ. ಅಲ್ಲಿ ರೇಂಜ್ ಸಿಗುವುದು ಚೆಕ್‌ಪೋಸ್ಟಿನ ಹತ್ತಿರ ಮಾತ್ರ. ಕೊನೆಗೊಂದು ಶನಿವಾರ ಮಧ್ಯಾಹ್ನ ಅವಳೇ ಫೋನ್ ಮಾಡಿದಳು. "ಟೀಚರೇ, ಒಂದು ಉಂಟು. ನಾನು ಅದು ಕೇಳ್ಲೇ ಇಲ್ಲ ಅಲ್ಲಾ, ಹಸಿರು ಚುಕ್ಕೆ ಹಾಗೇ ಉಂಟು. ಈಗ ಕಳಿಸ್ತೇನೆ, ಬಸ್ ಬಂತು," ಎಂದಳು. ಸ್ವಲ್ಪ ಹೊತ್ತಿನಲ್ಲಿ ಬಂತು. ತರಗತಿ ಮುಗಿದಿತ್ತು, ಆದರೂ ನಾಲ್ಕಾರು ಜನ ಭಾವನ ಜೊತೆ ಉಳಿದಿದ್ದರು. ಹೊರಗೆ ಮಂಜು ಇಳಿದು ಎದುರಿನ ಅಂಗಡಿಯ ಬೋರ್ಡು ಕಾಣುತ್ತಿರಲಿಲ್ಲ. ನಾನೂ ಮೊದಲು ಕೇಳಿ ನೋಡದೆ ಹಾಕಿಬಿಟ್ಟೆ.

ಮಕ್ಕಳ ಫೋಟೊ ಹೇಗೆ ಚಿಕ್ಕದು ಮಾಡಿ ಕಳಿಸುವುದು ಎಂಬ ಪಾಠ. ಎಂದಿನ ಹಾಗೆ ನಿಧಾನ. ಹೆಬ್ಬೆರಳು ಬೇಡ, ತೋರುಬೆರಳು ಇಡಿ, ಆಯ್ತಾ? ಆಮೇಲೆ ಅಕ್ಕ ಸುಮ್ಮನಾದರು. ಮಳೆ ಜೋರಾಗಿತ್ತು. ಎಲ್ಲೋ ಬಾಗಿಲು ಕಿರ್ರೆಂದಿತು. ಅಕ್ಕ ಫೋನಿನಿಂದ ಮುಖ ತಿರುಗಿಸಿರಬೇಕು, ದನಿ ದೂರದಿಂದ ಬಂತು.

"ಕೇಳಿತಾ? ಒದ್ದೆ ಪಂಚೆಯಲ್ಲಿ ಎಷ್ಟು ಹೊತ್ತು ಅಂತ ಅಲ್ಲೇ ನಿಲ್ತೀರಿ? ಬನ್ನಿ ಒಳಗೆ."

"ಬಂದೆ," ಎಂದರು ಭಾವ.

ಹೇಳಿ ಎದ್ದು ನಿಂತಿದ್ದರು. ಮಂತ್ರ ಹೇಳುವ ದನಿಯಲ್ಲಿ, ಗಟ್ಟಿಯಾಗಿ ಹೇಳಿದ್ದರು. ಬೆಂಚಿನಿಂದ ಆಚೆ ಬಂದು ಬಾಗಿಲಿನ ಕಡೆಗೆ ಎರಡು ಹೆಜ್ಜೆ ಇಟ್ಟೂ ಆಗಿತ್ತು. ಸುಬೇದಾರರು ಟೋಪಿ ತೆಗೆದು ಕೈಯಲ್ಲಿ ಹಿಡಿದರು. ನಾನೂ ಬಾಗಿಲು ನೋಡಿದೆ. ಅಲ್ಲಿ ಯಾರಾದರೂ ನಿಂತಿದ್ದರೆ ನನಗೆ ಆಶ್ಚರ್ಯವಾಗುತ್ತಿರಲಿಲ್ಲ, ಅದನ್ನು ನಾನು ಆಣೆ ಮಾಡಿ ಹೇಳಬಲ್ಲೆ. ಸ್ಪೀಕರಿನಲ್ಲಿ ಅಕ್ಕ ಮತ್ತೆ ಹತ್ತಿರ ಬಂದು, ಫೋಟೊ ಕಳಿಸುವ ಪಾಠ ಮುಂದುವರಿಸಿದರು.

ಅದು ಮುಗಿಯುವವರೆಗೆ ಭಾವ ಹಾಗೇ ನಿಂತಿದ್ದರು. ನಾನು ಹೋಗಿ ಅವರ ತೋಳು ಹಿಡಿದೆ, ತಣ್ಣಗಿತ್ತು.

"ಸಿಕ್ತಲ್ಲ ಭಾವ," ಎಂದೆ. "ನಿಮಗೆ ಅಂತಾನೇ ಹೇಳಿದ್ದು. ಇದನ್ನ ಅಕ್ಕನ ಫೋನಿಗೆ ಹಾಕಿ ಕೊಡ್ತೀನಿ. ಇನ್ನು ಅಳಿಸಿಹೋಗದ ಹಾಗೆ ನಾನು ನೋಡ್ಕೋತೀನಿ. ದಿನಾ ಕೇಳ್ಬಹುದು."

"ಬೇಡ."

ನನಗೆ ಸರಿಯಾಗಿ ಕೇಳಿಸಲಿಲ್ಲ ಎಂದುಕೊಂಡೆ.

"ಬೇಡ ಟೀಚರೇ. ಹಸಿರು ಗುಂಡಿ ಒತ್ತಿ ಅಂತ ಹೇಳಿದ್ದು ದಿನಾ ಕೇಳ್ಬಹುದು. ಇದು ನನ್ನನ್ನು ಕರೆದದ್ದಲ್ವಾ?" ಚೀಲ ಹೆಗಲಿಗೆ ಹಾಕಿಕೊಂಡರು. "ಅವ್ಳು ಕರೆದ್ರೆ ನಾನು ಕೂತದ್ದಿಲ್ಲ. ದಿನಾ ಕರೆದ್ರೆ ನಂಗೆ ಹೋಗ್ಬೇಕಾಗ್ತದೆ. ಇಲ್ಲಿ ದೇವಸ್ಥಾನದಲ್ಲಿ ಸಂಜೆ ದೀಪ ಹಚ್ಲಿಕ್ಕೆ ಬೇರೆ ಜನ ಇಲ್ಲ."

ಮೆಟ್ಟಿಲಿಳಿದು ಹೋದರು. ಮಂಜಿನಲ್ಲಿ ಅವರ ಬಿಳಿ ಪಂಚೆ ಬೇಗನೆ ಕಾಣದಾಯಿತು. ಆ ದನಿ ಈಗ ನನ್ನ ಫೋನಿನಲ್ಲಿದೆ. ಅಳಿಸಿಲ್ಲ, ಮತ್ತೆ ಹಾಕಿ ಕೇಳುವ ಧೈರ್ಯವೂ ನನಗಿಲ್ಲ.